ಚನ್ನಾಜಕ್ಕನ ಒಂದು ಲೋಟ ವೈನ್

ನನ್ನ ಅಕ್ಕ ಚನ್ನಾಜಮ್ಮ ಕೊಳ್ಳೇಗಾಲದಲ್ಲಿ ಗಂಡ ಶಾಂತಮೂರ್ತಿಯ ಜೊತೆ ಸೀರೆ ಅಂಗಡಿ ನಡೆಸುತ್ತಾಳೆ. ಸಂಜೆ ಬಾಗಿಲು ಹಾಕಿ, ಸ್ನಾನ, ಲಿಂಗಪೂಜೆ ಮುಗಿಸಿ, ಮುದ್ದೆ ಉಪ್ಸಾರಿನ ಜೊತೆ ಕೆಂಪು ವೈನ್ ಕುಡಿಯುತ್ತಾಳೆ. ಒಂದೇ ಲೋಟ. ಇಷ್ಟಕ್ಕೆ ನಮ್ಮ ನೆಂಟರಿಷ್ಟರು ಮಾಡಿದ ರಾದ್ಧಾಂತ ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಅದೇನು ದುಬಾರಿ ಮಾಲಲ್ಲ. ಫ್ರಾನ್ಸಿನ ರೋನ್ ನದಿ ಕಡೆಯವರು ಮಾಡುವ ಹಾಗೆ ಎರಡು ಮೂರು ಜಾತಿಯ ದ್ರಾಕ್ಷಿ ಬೆರೆಸಿ ನಮ್ಮ ದೇಶದಲ್ಲೇ ಮಾಡಿದ್ದು, ದಿನಬಳಕೆಯದು. ಸೀರೆ ಕೊಳ್ಳಲು ಬಂದ ಪುದುಚೇರಿಯ ದಂಪತಿ ಒಮ್ಮೆ ಒಂದು ಬಾಟಲಿ ಕೊಟ್ಟುಹೋಗಿದ್ದರು. ಅಲ್ಲಿಂದ ಶುರು.

"ಗ್ರೆನಾಶ್ ಅನ್ನೋ ದ್ರಾಕ್ಷಿ ಹಣ್ಣಿನ ರುಚಿ ಕೊಡ್ತದೆ, ಸಿರಾ ಅನ್ನೋದು ಮೆಣಸಿನ ಘಾಟು. ಉಪ್ಸಾರು ಖಾರಕ್ಕೂ ಇದ್ಕೂ ಏನ್ ಜೋಡಿ ಅಂತೀಯ ಕೋಮಲಾ!" ಎಂದು ಅಕ್ಕ ಕಣ್ಣರಳಿಸುತ್ತಾಳೆ. ನಾನೂ ರುಚಿ ನೋಡಿದ್ದೇನೆ. ಮೊದಲು ಒಗರು, ಆಮೇಲೆ ನೇರಳೆ ಹಣ್ಣು ತಿಂದ ಹಾಗೆ.

ನಮ್ಮ ಕಡೆ 'ವೈನ್ಸ್' ಎಂದು ಬೋರ್ಡು ಹಾಕಿದ ಅಂಗಡಿಗಳಿಗೆ ಬರವಿಲ್ಲ. ಇಂಥ ವೈನ್ ಒಂದು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಹಾಗಾಗಿ ಅಕ್ಕ ಮೈಸೂರಿನಿಂದ ತರುತ್ತಾಳೆ. ಅಂಗಡಿಯವನು ಪೇಪರ್ ಸುತ್ತಿ ಕಪ್ಪು ಕವರಿಗೆ ಹಾಕಲು ಹೋದರೆ, "ನಾನೇನು ಕದ್ದು ತಕಂಡೋಯ್ತಿದ್ದೀನಾ?" ಎಂದು ಗದರುತ್ತಾಳೆ. ಒಮ್ಮೆ ಬಸ್ಸಿನಲ್ಲಿ ಬ್ಯಾಗಿನಿಂದ ಇಣುಕುತ್ತಿದ್ದ ಬಾಟಲಿಯನ್ನು ನಮ್ಮ ದೊಡ್ಡಮ್ಮ ಪುಟ್ಟಮಲ್ಲಮ್ಮ ನೋಡಿದರು. ಬಸ್ಸು ಕೊಳ್ಳೇಗಾಲ ಮುಟ್ಟುವ ಮೊದಲೇ ಸುದ್ದಿ ನಮ್ಮ ತವರು ಮಾಂಬಳ್ಳಿ ಮುಟ್ಟಿತ್ತು.

ಮರುವಾರವೇ ಮಾಂಬಳ್ಳಿಯಲ್ಲಿ ನಮ್ಮಣ್ಣ ಶಿವಕುಮಾರಸ್ವಾಮಿಯ ಮಗಳ ನಾಮಕರಣ. ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ. ಹಿರಿಯಳು ಅಕ್ಕ. ಅವಳಿಗೆ ಮಕ್ಕಳಿಲ್ಲ. ಆ ಒಂದು ಗಳಿಗೆಗಾಗಿ ಮಗು ಹುಟ್ಟಿದಂದಿನಿಂದ ಕಾದಿದ್ದಳು.

ತೊಟ್ಟಿಲ ಮುಂದೆ ಅಣ್ಣ ಮಗುವನ್ನು ಎತ್ತಿಕೊಂಡು ಬಂದು, ಅಕ್ಕನನ್ನು ದಾಟಿ ನನ್ನ ಹತ್ತಿರ ನಿಂತ.

"ಕೋಮಲ, ನೀನೇ ಯೋಳವ್ವ. ಕುಡಿಯೋ ಬಾಯಲ್ಲಿ ಮಗಿಗೆ ಹೆಸ್ರು ಬ್ಯಾಡ."

ಚಾಚಿದ್ದ ಕೈಗಳನ್ನು ಅಕ್ಕ ಸೆರಗಿನೊಳಗೆ ಎಳೆದುಕೊಂಡಳು.

ಹೇಳಿದವನು ಯಾರು? ಸ್ವಲ್ಪ ಹೊತ್ತಿನ ಮುಂಚೆ ಚಪ್ಪರದ ಹಿಂದೆ, ಕಾರಿನೊಳಗೆ ಕೂತು ವಿಸ್ಕಿ ಏರಿಸಿ, ಸೋಂಪು ಅಗಿಯುತ್ತಾ ಬಂದ ಮಹಾನುಭಾವ! ಅದು ಎಲ್ಲರಿಗೂ ಗೊತ್ತು. ಮರೆಯಲ್ಲಿ ಕುಡಿದರೆ ನಮ್ಮವರ ಲೆಕ್ಕದಲ್ಲಿ ಅದು ಕುಡಿತವೇ ಅಲ್ಲ. ಅಕ್ಕನ ಬಾಟಲಿಯಲ್ಲೇ ಪಾಲು ಪಡೆಯುವ ಭಾವನನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿ ಉಪಚರಿಸುತ್ತಿದ್ದರು. ಅವನೋ, ನೆಲ ನೋಡುತ್ತಾ ಕೂತಿದ್ದ. ಥೂ!

"ನಾನೂ ಕುಡ್ದಿವ್ನಿ. ನನ್ ಬಾಯೂ ಬ್ಯಾಡ," ಎಂದೆ.

ಚಪ್ಪರದಲ್ಲಿ ಗುಸುಗುಸು ಎದ್ದಿತು. ಅಣ್ಣ ಬೇರೆ ಯಾರಾದರೂ ಸಿಗುತ್ತಾರೇನೋ ಎಂದು ಸುತ್ತ ನೋಡಿದ. ಅಷ್ಟರಲ್ಲಿ ಅವನ ಹೆಂಡತಿ ಮಧುಶ್ರೀ ಹಸೆಯಿಂದ ಎದ್ದು ಬಂದು ಮಗುವಿಗೆ ಕೈ ಹಾಕಿದಳು.

"ಕುಡಿಯೋರು ಬ್ಯಾಡ ಅಂದ್ರೆ ಮೊದ್ಲು ನೀವು ಮಗೀನ ಬುಡಿ. ಅಲ್ಲಿಗಂಟ ವಾಸ್ನೆ ಬತ್ತಾ ಅದೆ."

ಮಗುವನ್ನು ತಂದು ಅಕ್ಕನ ಮಡಿಲಲ್ಲಿ ಮಲಗಿಸಿ, "ಯೋಳಿ ಅತ್ಗೆಮ್ಮ," ಎಂದಳು.

ಕಿವಿಯಲ್ಲಿ ಪಿಸುಗುಟ್ಟಬೇಕಾದ ಹೆಸರು ಅದು. ಅಕ್ಕ ಅದನ್ನು ಇಡೀ ಚಪ್ಪರಕ್ಕೆ ಕೇಳಿಸುವಂತೆ ಹೇಳಿದಳು.