ನಿನ್ನೆಯ ಸೊಪ್ಪು ಇವತ್ತಿಲ್ಲ

ಜರಗನಹಳ್ಳಿಯ ನಮ್ಮ ಬೀದಿಗೆ ಬರುತ್ತಿದ್ದ ಸೊಪ್ಪಿನಮ್ಮ, ಬಸುರಿಯಿರುವ ಮನೆಗೆ ಒಂದೇ ಸೊಪ್ಪನ್ನು ಎರಡು ದಿನ ಕೊಡುತ್ತಿರಲಿಲ್ಲ. “ನಿನ್ನೇದು ಇವತ್ತಿಲ್ಲ,” ಎನ್ನುತ್ತಿದ್ದಳು.

ಮಕ್ಕಳೇ, ನಿಮ್ಮಮ್ಮ ಮೊದಲ ಬಸುರಿನಲ್ಲಿ ಮೊಸರನ್ನ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ರಕ್ತ ತೀರಾ ಕಡಿಮೆಯಿದೆ ಎಂದಿದ್ದರು ಡಾಕ್ಟರು. ತಿನ್ನು ಎಂದು ಸೊಸೆಗೆ ಒತ್ತಾಯಿಸಲು ನನಗೆ ಸಂಕೋಚ. ಸೊಪ್ಪಿನಮ್ಮನ ಮುಂದೆ ಅತ್ತುಬಿಟ್ಟೆ.

ಅವಳು ಬುಟ್ಟಿ ಇಳಿಸಿ ಬಾಗಿಲಲ್ಲೇ ಕೂತಳು. “ನುಗ್ಗೆಸೊಪ್ಪು, ಹೆಸರುಕಾಳು ಹಾಕಿ ಸಾರು ಮಾಡಿ, ಮುದ್ದೆ ತಿರುವಿ. ಈವಮ್ಮ ತಿನ್ನೋಗಂಟ ನಾನು ಏಳಲ್ಲ.”

“ವಾಂತಿ ಬರುತ್ತೆ ಅಜ್ಜಿ,” ಎಂದಳು ನಿಮ್ಮಮ್ಮ, ಸೊಪ್ಪಿನಮ್ಮನಿಗೆ.

“ಬರ್ಲಿ. ಆಮೇಲೆ ಇನ್ನೊಂದು ತುತ್ತು.”

ಮಧ್ಯಾಹ್ನ ನಿಮ್ಮಮ್ಮ ಅರ್ಧ ಮುದ್ದೆ ಉಂಡಳು. ಅಷ್ಟರಲ್ಲಿ ಬುಟ್ಟಿಯಲ್ಲಿ ಮಾರಲು ಉಳಿದಿದ್ದ ಸೊಪ್ಪೆಲ್ಲ ಬಾಡಿತ್ತು. ಸೊಪ್ಪಿನಮ್ಮ ಅದನ್ನು ತಲೆಗೇರಿಸಿಕೊಂಡು, “ನಾಳೆ ದಂಟು,” ಎಂದು ಹೊರಟಳು.