ಮಜೀದಸಾಬರ ಎರಡನೆಯ ಗಂಟು

ಚಿತ್ತಾಪುರದ ಸುತ್ತಮುತ್ತ ಮುಸಲ್ಮಾನರ ಮನೆಯಲ್ಲಿ ಮದುವೆ ಗೊತ್ತಾದರೆ, ಆ ದಿನ ಬಾವರ್ಚಿ ಮಜೀದಸಾಬರು ಸಿಗುತ್ತಾರೋ ಇಲ್ಲವೋ ಎಂದು ಮೊದಲು ವಿಚಾರಿಸುತ್ತಿದ್ದರು. ಹೊಗೆ ತುಂಬಿದ ಚಪ್ಪರದಡಿ ಬೀಡಿ ಕಚ್ಚಿಕೊಂಡೇ ಅವರು ದೊಡ್ಡ ಹಂಡೆಗಳ ಬಿರಿಯಾನಿ ಇಳಿಸುತ್ತಿದ್ದರು.

೧೯೭೬ರಲ್ಲಿ ಕೆಮ್ಮಿನ ಜೊತೆ ರಕ್ತ ಬಂತು. ಹೈದರಾಬಾದಿನ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದು ತಿಳಿದು, ಎಡ ಶ್ವಾಸಕೋಶದ ಕೆಳಭಾಗ ಕೊಯ್ದು ತೆಗೆದರು. ಜೊತೆಗೆ ಹೋದವರು ಪಕ್ಕದ ಮನೆಯ ಪಾಂಡುರಂಗ ಮಾಸ್ತರರು. ಊರಿಗೆ ಮರಳಿದ ಮಜೀದಸಾಬರು ಬೀಡಿ ಬಿಟ್ಟರು, ಒಲೆ ಬಿಡಲಿಲ್ಲ.

ಏಳು ವರ್ಷದ ಮೇಲೆ ಉಸಿರು ಸಾಲದಾಯಿತು. ಹೆಂಡತಿ ಇಮಾಮ್ಬೀ ಮತ್ತು ಮಾಸ್ತರರ ಜೊತೆ ಮತ್ತೆ ಅದೇ ಆಸ್ಪತ್ರೆ, ಮತ್ತೆ ಎಕ್ಸ್‌ರೇ. ಈ ಸಲ ಬಲಗಡೆ ಗಂಟು. ತುಣುಕು ತೆಗೆದು ಪರೀಕ್ಷಿಸಿದ ಡಾಕ್ಟರು, ಹಳೆಯದು ಮರಳಿ ಬಂದಿಲ್ಲ, ಇದು ಬೇರೆಯದೇ ಜಾತಿಯ ಕ್ಯಾನ್ಸರ್, ಹೊಸದಾಗಿ ಹುಟ್ಟಿದ್ದು ಎಂದರು.

ಶಸ್ತ್ರಚಿಕಿತ್ಸೆಯ ಡಾಕ್ಟರು ಅವರನ್ನು ಮೆಟ್ಟಿಲು ಹತ್ತಿಸಿ ನೋಡಿದರು. ಮೊದಲ ತಿರುವಿನಲ್ಲೇ ಮಜೀದಸಾಬರು ಕುಳಿತುಬಿಟ್ಟರು. ಕೊಯ್ದರೆ ಗಂಟು ಪೂರ್ತಿ ಹೋಗಬಹುದು, ಆದರೆ ಉಳಿಯುವ ಶ್ವಾಸಕೋಶ ಇವರಿಗೆ ಸಾಲುತ್ತದೆಂಬ ಭರವಸೆ ಇಲ್ಲ ಎಂದರು ಅವರು. ಕೋಬಾಲ್ಟ್ ಯಂತ್ರದಿಂದ ವಿಕಿರಣ, ಅಂದರೆ ಜನರು ಹೇಳುವ ಕರೆಂಟ್, ಕೊಡುವ ಡಾಕ್ಟರು, ಕರೆಂಟ್ ಕೊಟ್ಟರೆ ಕೊಯ್ಯುವ ಅಪಾಯ ಇಲ್ಲ, ಆದರೆ ಗಂಟು ಕುಗ್ಗಿ ಮತ್ತೆ ಬೆಳೆಯಬಹುದು ಎಂದರು. ಎರಡರಲ್ಲಿ ಯಾವುದು ಮೇಲು ಎಂದು ಮಾಸ್ತರರು ಕೇಳಿದಾಗ, ಎರಡನೆಯ ಸಲ ಹೀಗಾದವರು ಕಡಿಮೆ, ಖಚಿತವಾಗಿ ಹೇಳಲಾರೆವು ಎಂದರು ಇಬ್ಬರೂ ಡಾಕ್ಟರು.

ಹೊರಗೆ ಬೆಂಚಿನ ಮೇಲೆ ಮಾತು ನಡೆಯಿತು.

"ಹಿಂದ ಕೊಯ್ಸಿದ್ದಕ್ಕೇ ಏಳು ವರ್ಷ ಸಿಕ್ಕಾವ. ಈಗೂ ಕೊಯ್ಸಿಬಿಡ್ರಿ," ಎಂದರು ಪಾಂಡುರಂಗ ಮಾಸ್ತರರು.

"ಆಗ ಬಲಗಡಿದು ಸಾಬೂತ, ಗಟ್ಟಿ ಇತ್ರಿ ಮಾಸ್ತರ. ಈಗ ಅದ್ರಾಗೇ ಕೈ ಹಾಕಬೇಕಂತಾರ."

"ಗಂಟು ಒಳಗೇ ಉಳದ್ರ?"

"ಉಳೀಲಿ. ಹಾಸಿಗಿ ಮ್ಯಾಲೆ ಬಿದ್ದು ಉಸಿರಿಗಿ ಬಾಯಿ ಬಾಯಿ ಬಿಡೋದು ನನಗ ಬ್ಯಾಡ. ಕರೆಂಟೇ ಕೊಡಸ್ತೀನಿ."

ಮಾಸ್ತರರು ಅಂದು ಅಸಮಾಧಾನದಿಂದಲೇ ಊರಿನ ರೈಲು ಹತ್ತಿದರು.

ಗಂಡ ಹೆಂಡತಿ ಅಲ್ಲೇ ನೆಂಟರ ಮನೆಯಲ್ಲಿ ಉಳಿದು ಕರೆಂಟಿಗೆ ದಿನಾ ಆಸ್ಪತ್ರೆಗೆ ಹೋಗಿಬಂದರು. ಕೆಲವು ವಾರಗಳಲ್ಲಿ ಎದೆಯ ಚರ್ಮ ಕಪ್ಪಾಯಿತು. ನುಂಗಿದರೆ ಗಂಟಲು ಉರಿಯುತ್ತಿತ್ತು, ನಾಲಿಗೆಗೆ ರುಚಿಯೇ ತಿಳಿಯುತ್ತಿರಲಿಲ್ಲ. ಊರಿಗೆಲ್ಲ ಉಣಬಡಿಸಿದವರು ಬಟ್ಟಲು ಗಂಜಿಗೆ ಹೆದರಿದರು. ಒಂದು ಬೆಳಿಗ್ಗೆ ಮಾತ್ರ ಗಂಜಿ ಬಾಯಿಗಿಟ್ಟು, "ಉಪ್ಪು ಭಾಳ ಆಗ್ಯಾದ," ಎಂದರು. ರುಚಿ ಮರಳಿತೆಂದು ಇಮಾಮ್ಬೀ ಒಳಗೆ ಹೋಗಿ ಕಣ್ಣೊರೆಸಿಕೊಂಡಳು.

ಗಂಟು ಕುಗ್ಗಿತು, ಪೂರ್ತಿ ಹೋಗಲಿಲ್ಲ. ಮಜೀದಸಾಬರು ಮದುವೆ ಮನೆಗಳಿಗೆ ಮತ್ತೆ ಹೋದರು. ಹೊಗೆಯಿಂದ ದೂರ ಮಂಚ ಹಾಕಿಸಿಕೊಂಡು, ಬೆಂದ ಅಕ್ಕಿ ತರಿಸಿ ಬೆರಳಲ್ಲಿ ಹಿಚುಕಿ ನೋಡಿ, ಒಲೆಯಿಂದ ಬೆಂಕಿ ಹೊರಗೆ ಎಳೆಯಲು ಹೇಳುತ್ತಿದ್ದರು. ನಾಲವಾರ ಊರಿನವರೆಗೂ ರೈಲಿನಲ್ಲಿ ಹೋಗಿಬರುತ್ತಿದ್ದರು. ಮೂರು ವರ್ಷ ಕಳೆದ ಮೇಲೆ ಗಂಟು ಮತ್ತೆ ಬೆಳೆಯಿತು. ಆ ಚಳಿಗಾಲದಲ್ಲಿ ಮನೆಯಲ್ಲೇ ತೀರಿಕೊಂಡರು.

ನಲವತ್ತು ದಿನ ಮುಗಿದ ಮೇಲೆ ಮಾಸ್ತರರು ಇಮಾಮ್ಬೀಯನ್ನು ಕೇಳಿದರು: "ಕೊಯ್ಸಿದ್ರ ಇನ್ನೂ ಇರ್ತಿದ್ರೇನೋ ಅನಸ್ತದ. ನಿಮಗ ಅನಸಲ್ಲೇನ್ರಿ?"

"ಅನಸ್ತದ್ರಿ. ಆಸ್ಪತ್ರಿಯಿಂದ ಹೆಣಾ ತರ್ತಿದ್ವೇನೋ ಅಂತನೂ ಅನಸ್ತದ," ಎಂದಳು ಆಕೆ. "ಕುಂದ್ರಿ, ಚಹಾ ತರ್ತೀನಿ."

ಮಾಸ್ತರರು ಕುಳಿತರು.