ಹನೂರಿನಿಂದ ಕೊಳ್ಳೇಗಾಲದವರೆಗೆ ಬಾಯಿ ಬಿಡಲಿಲ್ಲ

ಇದನ್ನು ಹೇಳುವುದನ್ನು ಮುಂದಕ್ಕೆ ಹಾಕುತ್ತಲೇ ಬಂದೆ.

ಹನೂರಿನಲ್ಲಿ ನಮ್ಮ ಮನೆ, ಮಗ ಸೊಸೆ ಜೊತೆಗೇ ಇದ್ದಾರೆ. ಸೊಸೆಗೆ ಕೊಳ್ಳೇಗಾಲದ ಕರಿಕಲ್ಲು ಪಾಲಿಶ್ ಕಾರ್ಖಾನೆಯೊಂದರ ಆಫೀಸಿಗೆ ಸೇರುವ ಆಸೆ. ಹೊರದೇಶದ ಗಿರಾಕಿಗಳಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆಯುವ ಕೆಲಸ. ಇಂಗ್ಲಿಷಿನಲ್ಲಿ ಯಾವ ಪದದ ಜೊತೆಗೆ ಯಾವುದು ಬರಬೇಕೆಂದು ಯಳಂದೂರಿನ ಮೇಷ್ಟರೊಬ್ಬರು ಫೋನಿಗೆ ಪಾಠ ಹೇಳಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ಆರ್ಡರ್ ಜೊತೆಗೆ ಪ್ಲೇಸ್, ಪೇಮೆಂಟ್ ಜೊತೆಗೆ ಮೇಕ್, ಡೆಡ್‌ಲೈನ್ ಜೊತೆಗೆ ಮೀಟ್ ಎಂದು ಅವಳು ಮುದ್ದೆ ತೊಳಸುತ್ತಾ ಬಾಯಿಪಾಠ ಮಾಡುತ್ತಿದ್ದಳು.

ನಾನು ಎಸ್ಸೆಸ್ಸೆಲ್ಸಿ ಓದಿ ರೇಷ್ಮೆ ಅಂಗಡಿಯಲ್ಲಿ ಲೆಕ್ಕ ಬರೆದವನು. ಬೀದಿಯವರು ಇಂಗ್ಲಿಷ್ ಕಾಗದ ಬಂದರೆ ನನ್ನ ಹತ್ತಿರವೇ ತರುತ್ತಿದ್ದರು. ಸುಮ್ಮನಿರಲಾಗಲಿಲ್ಲ.

"ಅಂಗಲ್ಲ ಕಣವ್ವ. ಆರ್ಡರ್ ಕೊಡದು ತಾನೆ? ಗಿವ್ ಅನ್ನು. ಪೇಮೆಂಟ್ ಮಾಡದು, ಡೂ ಅನ್ನು."

"ಮೇಷ್ಟ್ರು ಬ್ಯಾರೆ ತರ ಯೋಳವ್ರಲ್ಲ ಮಾವ?"

"ನಿಮ್ ಮೇಷ್ಟ್ರು ಯಾವತ್ತು ಯಾಪಾರ ಮಾಡವ್ನೆ?"

ಅವಳು ನಕ್ಕು, ನಾನು ಹೇಳಿದಂತೆಯೇ ತಿದ್ದಿಕೊಂಡಳು.

ಕಾರ್ಖಾನೆಯವರು ಇಟ್ಟಿದ್ದ ಬರವಣಿಗೆ ಪರೀಕ್ಷೆಯ ದಿನ ಅವಳ ಜೊತೆಗೆ ಹೊರಟೆ. ಹನೂರು ಬಸ್ ನಿಲ್ದಾಣದಲ್ಲಿ ಫೋನು ನನ್ನ ಕೈಗಿತ್ತು ನೀರಿನ ಬಾಟಲಿ ತರಲು ಹೋದಳು. ಅಷ್ಟರಲ್ಲಿ ಮೇಷ್ಟರ ಪಾಠ ಬಂತು. ಕಿವಿಗೆ ಹಿಡಿದೆ. ಕನ್ನಡದಲ್ಲಿ ಕೊಡು, ಮಾಡು ಎನ್ನುತ್ತೇವೆಂದು ಗಿವ್, ಡೂ ಹಾಕಬೇಡಿ, ಬರವಣಿಗೆ ನೋಡುವವರು ಮೊದಲು ಹಿಡಿಯುವುದೇ ಅದನ್ನು ಎನ್ನುತ್ತಿದ್ದರು. ಅವಳು ಬರುವುದು ಕಂಡು ಪಾಠವನ್ನು ಅಳಿಸಿಬಿಟ್ಟೆ.

"ಮೇಷ್ಟ್ರು ಏನಾರ ಕಳ್ಸಿದ್ರಾ ಮಾವ?"

"ಏನಿಲ್ಲ ಬುಡವ್ವ."

ಬಸ್ಸಿನಲ್ಲಿ ಅವಳು ಕಣ್ಣು ಮುಚ್ಚಿ ಗಿವ್ ಆರ್ಡರ್, ಡೂ ಪೇಮೆಂಟ್ ಎಂದು ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು. ಕಾಮಗೆರೆ ಬಂದರೆ ಹೇಳೋಣ ಎಂದುಕೊಂಡೆ. ಕಾಮಗೆರೆ ದಾಟಿತು. ಮಧುವನಹಳ್ಳಿಯಲ್ಲಿ ಬಾಯಿ ತೆರೆದೆ, ಕೆಮ್ಮಿ ಕಿಟಕಿಯ ಕಡೆ ತಿರುಗಿದೆ. ಸೊಸೆಯ ಎದುರು ಗೊತ್ತಿಲ್ಲ ಎನ್ನುವುದು ಅಷ್ಟು ಕಷ್ಟವಾಯಿತು.

ಕಾರ್ಖಾನೆಯಿಂದ ನಗುತ್ತಾ ಹೊರಬಂದಳು. "ನೀವು ಯೋಳ್ಕೊಟ್ಟಿದ್ದೇ ಬಂದಿತ್ತು ಮಾವ. ಒಂದೂ ಬುಡ್ದಂಗೆ ಬರ್ದೆ."

ಕೆಲಸ ಬೇರೆಯವರಿಗಾಯಿತು. ಬರವಣಿಗೆ ಸರಿಯಿಲ್ಲ ಎಂದರಂತೆ. "ನಂಗೇ ಇಂಗ್ಲಿಷು ತಲೆಗೆ ಅತ್ತಕಿಲ್ಲ ಕಣಿ ಮಾವ, ನೀವ್ಯಾಕೆ ಸಪ್ಪಗಿದ್ದೀರಿ?" ಎಂದು ನನ್ನನ್ನೇ ಸಮಾಧಾನ ಮಾಡಿದಳು. ಆಮೇಲೆ ಪಾಠ ಕೇಳುವುದನ್ನೇ ಬಿಟ್ಟಳು.

ಇವತ್ತಿಗೂ ಅವಳ ಫೋನು ಸದ್ದು ಮಾಡಿದರೆ, ಮೇಷ್ಟರು ಆ ಪಾಠದ ಮಾತು ಎತ್ತಿದರೇನೋ ಎಂದು ದಿಗಿಲಾಗುತ್ತದೆ. ಅವರು ಹೇಳುವ ಮೊದಲು ನಾನು ಹೇಳಬೇಕು. ತಪ್ಪಾಯಿತು ಎಂದು ನಾನು ಇನ್ನೂ ಹೇಳದೆ ಉಳಿದಿರುವುದು ಇವಳಿಗೆ, ಈಗಲೂ ತಟ್ಟೆ ಹಾಕಿ "ಬನ್ನಿ ಮಾವ" ಎಂದು ಕರೆಯುತ್ತಿರುವ ನನ್ನ ಸೊಸೆಗೆ.